ಅಗಲಿಕೆಯ ಅಳು, ಅಫೀಮಿನ ಅಮಲು

ಗಾಯದ ನೋವನ್ನು ಅಡಗಿಸುವ ಅಫೀಮು ಅಗಲಿಕೆಯ ದುಃಖವನ್ನೂ ಮರೆಸುವುದೇಕೆ?

1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಎಂಬ ವಿಜ್ಞಾನಿಗಳು, ಅಫೀಮಿನಂತೆಯೇ ವರ್ತಿಸುವ ಎನ್‌ಕೆಫಲಿನ್ ಎಂಬ ವಸ್ತುವನ್ನು ಹಂದಿಯ ಮೆದುಳಿನಲ್ಲಿ ಕಂಡುಹಿಡಿದರು. ಮನುಷ್ಯನ ಮೆದುಳೂ ಇಂಥ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. 1978ರಲ್ಲಿ ಅಮೆರಿಕದ ಪ್ಯಾಂಕ್ಸೆಪ್ ಮತ್ತು ಸಂಗಡಿಗರು, ಒಂಟಿಯಾಗಿ ಬಿಟ್ಟ ನಾಯಿಮರಿಗಳಿಗೆ ಅತ್ಯಲ್ಪ ಪ್ರಮಾಣದ ಮಾರ್ಫೀನನ್ನು ಕೊಟ್ಟಾಗ ಅವುಗಳ ಅಳು ತಗ್ಗಿತು. ಬಾಂಧವ್ಯದ ನೆಮ್ಮದಿಗೂ ಅಫೀಮಿನ ಅಮಲಿಗೂ ಮೆದುಳಿನಲ್ಲಿ ನಂಟುಂಟೆಂದು ಅವರು ತರ್ಕಿಸಿದರು.

ಆದರೆ ಮಾದಕವಸ್ತುವಿಗೆ ಮೆದುಳು ಒಗ್ಗಿಹೋದರೆ ಮೊದಲಿನ ಪ್ರಮಾಣ ಸಾಲದು, ಬಿಟ್ಟರೆ ಯಾತನೆ. ಆದ್ದರಿಂದ ವ್ಯಸನಿಗೆ ವೈದ್ಯರ ಚಿಕಿತ್ಸೆ ಅವಶ್ಯ. ಮನೆಯವರು ಇನ್ನೊಂದನ್ನೂ ಆಲೋಚಿಸಬೇಕು: ಒಂಟಿತನವನ್ನು ಮರೆಯಲು ಅಮಲಿಗೆ ಶರಣಾದವನನ್ನು ಮನೆಯಿಂದ ಹೊರದೂಡಿದರೆ, ಅವನ ರೋಗ ವಾಸಿಯಾದೀತೆ?