ನಳಿಕೆ ಹೊಟ್ಟೆಯಲ್ಲೇ ಇರಲಿ ಎನ್ನಬೇಡಿ

ಹೊಟ್ಟೆಯಲ್ಲಿ ನೀರು ತುಂಬುವ ರೋಗಿಯ ಮನೆಯವರು ಡಾಕ್ಟರರಲ್ಲಿ ಕೇಳುವ ಮಾತೊಂದಿದೆ: "ಪ್ರತಿ ಸಲ ಚುಚ್ಚುವುದು ಯಾಕೆ? ಟ್ಯೂಬು ಅಲ್ಲೇ ಇರಲಿ, ಮನೆಯಲ್ಲಿ ನಾವೇ ನೀರು ಬಿಡುತ್ತೇವೆ." ಕಾಸರಗೋಡಿನ ಒಳಊರುಗಳಿಂದ ಹದಿನೈದು ದಿನಕ್ಕೊಮ್ಮೆ ರೋಗಿಯನ್ನು ಜೀಪಿನಲ್ಲಿ ಕೂರಿಸಿ ಮಂಗಳೂರಿಗೆ ಹೋಗುವ ಕಷ್ಟ ಸಣ್ಣದಲ್ಲ. ೨೦೨೦ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದರೂ ಲಿವರ್ ಗಟ್ಟಿಯಾಗಿ ಕೆಟ್ಟವರ, ಅಂದರೆ ಸಿರೋಸಿಸ್ ಇರುವವರ ಮಟ್ಟಿಗೆ ಈ ಬೇಡಿಕೆ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಸಿರೋಸಿಸ್‌ನಲ್ಲಿ ಹೊಟ್ಟೆಯ ನೀರಿಗೆ ರೋಗಾಣುವನ್ನು ಎದುರಿಸುವ ಶಕ್ತಿ ತೀರಾ ಕಡಿಮೆ. ನಳಿಕೆಯೋ, ಹೊರಗಿನಿಂದ ಒಳಗೆ ತೆರೆದಿಟ್ಟ ದಾರಿ. ಹಟ್ಟಿಯ ಕೆಲಸ ಮುಗಿಸಿ ಬಂದ ಕೈಯಲ್ಲಿ ಅದನ್ನು ಮುಟ್ಟಿದರೆ ಏನಾದೀತು? ದಿನ ಕಳೆದಷ್ಟೂ ಸೋಂಕಿನ ಭಯ ಹೆಚ್ಚು. ಪಕ್ಕದಿಂದ ನೀರು ಸೋರುವುದು, ಚರ್ಮ ಕೆಂಪಾಗುವುದು, ನಳಿಕೆ ಕಟ್ಟಿಕೊಳ್ಳುವುದು, ಜಾರುವುದು ಬೇರೆ. ಆದುದರಿಂದ ನೀರು ತೆಗೆದ ದಿನವೇ ನಳಿಕೆಯನ್ನೂ ತೆಗೆಸಿಕೊಂಡು ಬರುವುದು ಲೇಸು.

ಹೆಚ್ಚು ನೀರು ಒಮ್ಮೆಲೇ ಹೋದರೂ ಅಪಾಯ. ರಕ್ತದೊತ್ತಡ ಇಳಿದು ಮೂತ್ರಪಿಂಡ ಸೋಲಬಹುದು. ಅದಕ್ಕೇ ೫ ಲೀಟರಿಗಿಂತ ಹೆಚ್ಚು ತೆಗೆದಾಗ ಲೀಟರಿಗೆ ೬ರಿಂದ ೮ ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಕೊಡುತ್ತಾರೆ. ಬಾಟಲಿಯ ಬೆಲೆ ಕೇಳಿ ಎದೆ ಧಸಕ್ಕೆನ್ನುವುದು ನಿಜ. ಆದರೆ ಅಡಿಕೆ ಮಾರಿದ ಹಣದಲ್ಲಿ ಉಳಿತಾಯ ಮಾಡುವ ಜಾಗ ಅದಲ್ಲ. ಉಳಿತಾಯ ಬೇಕಿದ್ದರೆ ಉಪ್ಪಿನಲ್ಲಿ ಮಾಡಿ. ದಿನಕ್ಕೆ ಒಟ್ಟು ೫ ಗ್ರಾಂ, ಒಂದು ಸಣ್ಣ ಚಮಚ, ಸಾಕು. ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ನಿಂತರೆ ನೀರು ತುಂಬುವುದೂ ನಿಧಾನವಾದೀತು. ಮೊಟ್ಟೆ, ಬೇಳೆಯನ್ನು ಮಾತ್ರ ನಿಲ್ಲಿಸಬೇಡಿ.

ಕ್ಯಾನ್ಸರಿನಿಂದ ನೀರು ತುಂಬಿ ಕೊನೆಯ ದಿನಗಳನ್ನು ಮನೆಯಲ್ಲೇ ಕಳೆಯುವವರ ಮಾತು ಬೇರೆ. ಚರ್ಮದಡಿ ಹಾಯಿಸಿ ಇಡುವ ನಳಿಕೆ ಅವರಿಗೆ ನೆಮ್ಮದಿ ಕೊಡುತ್ತದೆ. ಕೇರಳದಲ್ಲಿ ೨೦೦೮ರ ಪಾಲಿಯೇಟಿವ್ ನೀತಿಯ ನಂತರ ಪಂಚಾಯತಿನ ನರ್ಸಮ್ಮ ಮನೆಗೇ ಬರುತ್ತಾರಲ್ಲ, ಅವರ ಕೈಯಿಂದ ಡ್ರೆಸಿಂಗ್ ಕಲಿತುಕೊಳ್ಳಿ.

ನಳಿಕೆ ಯಾರಿಗಿದ್ದರೂ ಸರಿ, ಜ್ವರ, ಹೊಟ್ಟೆನೋವು, ಮೊಸರು ಕದಡಿದಂಥ ನೀರು, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಜಾರಿ ಬಂದ ನಳಿಕೆಯನ್ನು ಮತ್ತೆ ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆ ಒತ್ತಿಟ್ಟು ಕರೆದುಕೊಂಡು ಹೋಗಿ.