ಫಲಕವನ್ನು ನೋಡುವವರು ಯಂತ್ರವನ್ನೂ ಅರಿಯಬೇಕು



ನಿಮ್ಮಲ್ಲಿ ಕೆಲವರು ಇಂದು ಶಾಲೆಗಳ, ಸಹಕಾರಿ ಸಂಘಗಳ ಜಾಲತಾಣ ಹಾಗೂ ಮಿಂಚಂಚೆಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೀರಿ. "ಕಂಟ್ರೋಲ್ ಪ್ಯಾನೆಲ್ ಇದೆ, ಗುರುಗಳೇ, ಲಿನಕ್ಸ್ ಕಲಿಯುವ ಅಗತ್ಯವೇ ಇಲ್ಲ" ಎಂಬ ಮಾತನ್ನು ನಿಮ್ಮಿಂದ ಕೇಳುತ್ತಿರುತ್ತೇನೆ. ಅನುಕೂಲವನ್ನು ಒಪ್ಪುತ್ತೇನೆ, ಆ ನಿರ್ಣಯವನ್ನು ಒಪ್ಪಲಾರೆ.

ನಮ್ಮ ಅಂಬೇವಾಡಿಯ ನೆರೆಯ ಅಂಬಿಕಾನಗರದಲ್ಲಿ ನಾಗಝರಿ ವಿದ್ಯುದಾಗಾರವಿದೆ. ಅದರ ಆರು ಘಟಕಗಳ ಸ್ಥಿತಿಯನ್ನು ತಿಳಿಸುವುದು ನಿಯಂತ್ರಣ ಫಲಕ. ವಿದ್ಯುತ್ತನ್ನು ಉತ್ಪಾದಿಸುವುದು ಫಲಕವಲ್ಲ. ಟರ್ಬೈನನ್ನು ಬಲ್ಲವರಿಗೆ ಮಾತ್ರ ಫಲಕದ ದೀಪಗಳು ಅರ್ಥವಾಗುತ್ತವೆ. ಸರ್ವರ್‌ನ ಮಾತೂ ಹಾಗೆಯೇ. ನೀವು ಒತ್ತಿದ ಗುಂಡಿಯನ್ನು ಪ್ಯಾನೆಲ್ಲು ಅಪಾಚೆ, ಪೋಸ್ಟ್‌ಫಿಕ್ಸ್ ಮುಂತಾದ ತಂತ್ರಾಂಶಗಳ ಕಡತಗಳಲ್ಲಿ ನಾಲ್ಕು ಸಾಲಾಗಿ ಬರೆಯುತ್ತದೆ, ಅಷ್ಟೆ.

ಮಿಂಚಂಚೆಯನ್ನೇ ನೋಡಿ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ಅಂಚೆ ಕಳುಹಿಸುವವರೆಲ್ಲರಿಗೂ ಗೂಗಲ್ ಸಂಸ್ಥೆಯು ಎಸ್‌ಪಿಎಫ್ ಅಥವಾ ಡಿಕೆಐಎಂ ದೃಢೀಕರಣವನ್ನು ಕಡ್ಡಾಯಗೊಳಿಸಿತು. ಈ ಅಂಚೆ ನಿಜಕ್ಕೂ ಈ ವಿಳಾಸದ್ದೇ ಎಂಬುದಕ್ಕೆ ಇವು ಸಾಕ್ಷಿ. ಡಿಎನ್‌ಎಸ್ ದಾಖಲೆಗಳು ಬೇರೊಂದು ಕಡೆ ಇದ್ದರೆ ಇವನ್ನು ಅಲ್ಲಿಯೇ ಬರೆಯಬೇಕು. ಬರೆಯದಿದ್ದರೆ, ಪ್ಯಾನೆಲ್ಲಿನಲ್ಲಿ ಎಲ್ಲವೂ ಹಸಿರಾಗಿಯೇ ಕಂಡರೂ, ಸಂಘದ ಸಭಾಸೂಚನೆ ಸದಸ್ಯರ ಸ್ಪ್ಯಾಮ್ ಬುಟ್ಟಿಗೆ ಬೀಳಬಹುದು, ಇಲ್ಲವೇ ತಿರಸ್ಕೃತವಾಗಬಹುದು. ಸಭೆಗೆ ಬಾರದ ಸದಸ್ಯನಿಗೆ ಕಾರಣವೂ ತಿಳಿಯದು.

ಎರಡನೆಯದು ಇನ್ನೂ ಗಂಭೀರ. ಪ್ಯಾನೆಲ್ಲೇ ಕಳ್ಳನಿಗೆ ಬಾಗಿಲಾಗಬಲ್ಲದು. 2024ರ ಅಕ್ಟೋಬರ್‌ನಲ್ಲಿ ಸೈಬರ್‌ಪ್ಯಾನೆಲ್ ಎಂಬ ತಂತ್ರಾಂಶದಲ್ಲಿ ಗುಪ್ತಪದವಿಲ್ಲದೆಯೇ ಸರ್ವರ್‌ನ ಸಂಪೂರ್ಣ ಅಧಿಕಾರ ಪಡೆಯಬಹುದಾದ ದೋಷ ಬಯಲಾಯಿತು. ಸುಮಾರು 22 ಸಾವಿರ ಸರ್ವರ್‌ಗಳು ಅಪಾಯಕ್ಕೆ ತೆರೆದುಕೊಂಡಿದ್ದವು. ಹಲವುಗಳ ಕಡತಗಳಿಗೆ ಬೀಗ ಜಡಿದು ಸುಲಿಗೆಗೆ ಇಳಿದರು.

ಸಣ್ಣ ಶಾಲೆಗೆ ತಜ್ಞನನ್ನು ನೇಮಿಸುವ ಶಕ್ತಿಯಿಲ್ಲ, ನಿಜ. ಆದ್ದರಿಂದ ಪ್ಯಾನೆಲ್ಲನ್ನು ತೊರೆಯಿರೆಂದು ಹೇಳುತ್ತಿಲ್ಲ. ಅದರ ಪ್ರವೇಶವನ್ನು ನಿಮ್ಮ ವಿಳಾಸಕ್ಕಷ್ಟೇ ಸೀಮಿತಗೊಳಿಸಿ, ಪರಿಷ್ಕರಣೆಗಳನ್ನು ಮುಂದೂಡಬೇಡಿ, ಪ್ರತಿಯೊಂದನ್ನು ಸರ್ವರ್‌ನಿಂದ ಹೊರಗೆ ಇರಿಸಿ, ಅದರಿಂದ ಮರಳಿ ಕಟ್ಟಲು ಸಾಧ್ಯವೇ ಎಂದು ಒಮ್ಮೆ ಮಾಡಿಯೇ ನೋಡಿ. ಗುಂಡಿ ಒತ್ತಿದ ಮೇಲೆ ಯಾವ ಕಡತ ಬದಲಾಯಿತೆಂದು ದಿನಕ್ಕೊಂದನ್ನು ತೆರೆದು ಓದಿ.

ಲೆಕ್ಕದ ಉತ್ತರ ಸರಿಯಿದ್ದರೂ ಕ್ರಮ ಬರೆಯದವರಿಗೆ ನಾನು ಪೂರ್ಣ ಅಂಕ ಕೊಟ್ಟವನಲ್ಲ. ಇತರರ ಪತ್ರಗಳು ನಿಮ್ಮ ವಶದಲ್ಲಿರುವಾಗ ಆ ನಿಯಮ ಮತ್ತಷ್ಟು ಬಿಗಿಯಾಗಬೇಕು.