ಕಾನೂನು ಪಾಲಿಸಿದೆವು ಎಂದರೆ ಮುಗಿಯಿತೇ?



2004ರ ಏಪ್ರಿಲ್‌ನಲ್ಲಿ ಚೀನಾದ ಪತ್ರಕರ್ತ ಷಿ ತಾವೊ ತಮ್ಮ ಯಾಹೂ ಖಾತೆಯಿಂದ ಹೊರದೇಶಕ್ಕೊಂದು ಇ-ಮೇಲ್ ಕಳಿಸಿದರು. ತಿಯಾನನ್‌ಮೆನ್ ಹತ್ಯಾಕಾಂಡಕ್ಕೆ 15 ವರ್ಷ ತುಂಬುವ ಹೊತ್ತಿಗೆ ಪತ್ರಿಕೆಗಳು ಹೇಗೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಸರ್ಕಾರಿ ಸೂಚನೆಯ ಟಿಪ್ಪಣಿ ಅದರಲ್ಲಿತ್ತು. ಸರ್ಕಾರ ಕೇಳಿತು, ಯಾಹೂ ಖಾತೆಯ ವಿವರ ಒಪ್ಪಿಸಿತು. ಮರುವರ್ಷ ಷಿ ತಾವೊಗೆ 10 ವರ್ಷ ಸಜೆ. ಅದೇ 2005ರಲ್ಲಿ ಯಾಹೂ ಚೀನಾದ ಅಲಿಬಾಬಾ ಕಂಪನಿಯಲ್ಲಿ 100 ಕೋಟಿ ಡಾಲರ್ ಹೂಡಿತು.

ಆಯಾ ದೇಶದ ಕಾನೂನು ಪಾಲಿಸಲೇಬೇಕಲ್ಲ ಎಂಬುದು ಕಂಪನಿಯ ಸಮಜಾಯಿಷಿ. 2007ರಲ್ಲಿ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್ ಅಮೆರಿಕದ ಸಂಸದೀಯ ಸಮಿತಿಯ ಎದುರೇ ಆ ಪತ್ರಕರ್ತನ ತಾಯಿಗೆ ತಲೆಬಾಗಿದರು. ಮಗ ಜೈಲಿನಿಂದ ಹೊರಬಂದದ್ದು 2013ರಲ್ಲಿ!

ಇದೇ ಯಾಹೂ ತನ್ನ ನೆಲದಲ್ಲಿ ಏನು ಮಾಡಿತು ನೋಡಿ. ವಾರಂಟ್ ಇಲ್ಲದೆ ಬಳಕೆದಾರರ ಮಾಹಿತಿ ಕೊಡಿ ಎಂದು ಅಮೆರಿಕ ಸರ್ಕಾರ ಕೇಳಿದಾಗ ಗುಪ್ತ ನ್ಯಾಯಾಲಯದಲ್ಲಿ ಸೆಣಸಿತು. ದಿನಕ್ಕೆ 2.5 ಲಕ್ಷ ಡಾಲರ್ ದಂಡದ ಬೆದರಿಕೆ ಬಂತು. 2008ರಲ್ಲಿ ಸೋತಿತು, ನಿಜ. ಆದರೆ ಮನಸ್ಸು ಮಾಡಿದರೆ ಜಗಳಕ್ಕೆ ನಿಲ್ಲಬಲ್ಲದು ಎಂದಾಯಿತು.

ಚೀನಾದಲ್ಲಿ ಅಂಥ ನ್ಯಾಯಾಲಯ ಎಲ್ಲಿದೆ, ಮಾಹಿತಿ ಕೊಡುವುದಿಲ್ಲ ಎಂದರೆ ಅಲ್ಲಿನ ಸಿಬ್ಬಂದಿಯನ್ನೇ ಒಳಗೆ ಹಾಕುತ್ತಿದ್ದರು ಎನ್ನುವಿರಿ. ಒಪ್ಪೋಣ. ಹಾಗಿದ್ದರೆ ಜನರ ಪತ್ರಗಳನ್ನು ಆ ಸರ್ಕಾರದ ಕೈಗೆಟುಕುವ ಕಡೆ ತಂದಿಟ್ಟ ದಿನವೇ ತಪ್ಪು ನಡೆದುಹೋಗಿತ್ತು. ಗೂಗಲ್ 2006ರಲ್ಲಿ ಚೀನಾಕ್ಕೆ ಹೋಗಿ ಸೆನ್ಸಾರ್‌ಗೆ ತಲೆಯಾಡಿಸಿತು (ಅದೇನು ಸಣ್ಣ ತಪ್ಪಲ್ಲ), ಆದರೆ ಜಿಮೇಲನ್ನು ಅಲ್ಲಿ ಇಡಲಿಲ್ಲ. ಖಾಸಗಿತನವೇ ತನ್ನ ಧರ್ಮ ಎನ್ನುವ ಆಪಲ್ 2018ರಲ್ಲಿ ಚೀನೀ ಗ್ರಾಹಕರ ಐಕ್ಲೌಡ್ ಮಾಹಿತಿಯನ್ನು ಸರ್ಕಾರಿ ಒಡೆತನದ ಕಂಪನಿಗೆ ವಹಿಸಿತು. ಅಷ್ಟು ದೊಡ್ಡ ಮಾರುಕಟ್ಟೆ ಬಿಡುವುದು ಯಾರಿಗೆ ಬೇಕು?

ನಮ್ಮಲ್ಲೂ ಇಂಥ ಜಗಳ ನಡೆದಿದೆ: ಖಾತೆ, ಟ್ವೀಟ್‌ಗಳನ್ನು ತಡೆಹಿಡಿಯಿರಿ ಎಂಬ ಕೇಂದ್ರ ಸರ್ಕಾರದ ಆದೇಶಗಳನ್ನು ಟ್ವಿಟರ್ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿ, 2023ರಲ್ಲಿ 50 ಲಕ್ಷ ರೂಪಾಯಿ ದಂಡ ಹಾಕಿಸಿಕೊಂಡಿತು. ಸೋತರೂ ಆ ಆದೇಶಗಳ ಸಂಗತಿ ಬಹಿರಂಗ ಚರ್ಚೆಗೆ ಬಂತು.

ಕಂಪನಿಗಳನ್ನು ನಾವು ಕೇಳುವುದಿಷ್ಟು: ಸೇವೆ ತೆರೆಯುವ ಮೊದಲೇ ಯಾರ ಮಾಹಿತಿ ಯಾವ ದೇಶದಲ್ಲಿರುತ್ತದೆ ಎಂದು ಪ್ರಕಟಿಸಿ. ಬೇಡದ್ದನ್ನು ಕೂಡಿಡಬೇಡಿ. ಸರ್ಕಾರ ಕೇಳಿದರೆ ಖಾತೆದಾರರಿಗೆ ತಿಳಿಸಿ; ತಿಳಿಸಕೂಡದೆಂದರೆ ಕೋರ್ಟಿಗೆ ಹೋಗಿ.

ಬೆಂಗಳೂರಿನಲ್ಲಿ ಈ ಕಂಪನಿಗಳ ನೌಕರರಾಗಿರುವವರೇ, ನಿಮ್ಮ ಕಚೇರಿಯಲ್ಲಿ ಮುಂದೆ ನಡೆಯುವ ಸಭೆಯಲ್ಲಿ ಎದ್ದು ನಿಂತು ಇದನ್ನೇ ಕೇಳಿ.